ರಿವರ್ಸ್‌ನಲ್ಲಿ ಕೆಮ್ಮದ ಗಾಡಿ

ಜನವರಿ ಕೊನೆಯ ಒಂದು ರಾತ್ರಿ ತಮ್ಮ ಅಂಗಡಿಗೆ ಬಂದು ಕೀಲಿ ಟೇಬಲ್ ಮೇಲೆ ಎಸೆದ. "ಅಣ್ಣಾ, ಗಾಡಿ ಕೆಮ್ಲಾಕತ್ಯಾದ" ಅಂದ. ಯಾವಾಗ ಅಂದೆ. "ತನಗೆ ಮನಸ್ಸು ಬಂದಾಗ" ಅಂದ.

ನಾನು ಕಲಬುರಗಿಯಲ್ಲಿ ಟಿವಿ, ಇನ್ವರ್ಟರ್ ರಿಪೇರಿ ಮಾಡುವವನು. ಗಾಡಿ ತಮ್ಮನದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಪಿಕಪ್. ಎಂಜಿನ್ ಸೀಟಿನ ಅಡಿಯಲ್ಲಿದೆ, ಎಳೆಯುವುದು ಹಿಂದಿನ ಚಕ್ರ. ಕಂಪನಿ ಹೆಸರು ಹೇಳುವುದಿಲ್ಲ. ತಪ್ಪು ಕಂಪನಿಯದಾಗಿರಲಿಲ್ಲ, ಅದು ಮುಂದೆ ಗೊತ್ತಾಗುತ್ತದೆ. ಸುಗ್ಗಿಯಲ್ಲಿ ಅವನು ಜೇವರ್ಗಿ ಕಡೆಯ ಹಳ್ಳಿಗಳಿಂದ ತೊಗರಿ ತುಂಬಿಕೊಂಡು ಇಲ್ಲಿನ ಮಾರುಕಟ್ಟೆ ನೆಹರು ಗಂಜ್‌ಗೆ ತರುತ್ತಾನೆ. 50 ಕಿಲೋದ 14 ಚೀಲ, ಅಂದರೆ 700 ಕಿಲೋ. ಅದಕ್ಕಿಂತ ಜಾಸ್ತಿ ಹಾಕಲ್ಲ ಅನ್ನುತ್ತಾನೆ. ನಂಬಿದ್ದೇನೆ. ಸುಗ್ಗಿ ಮುಗಿದ ಮೇಲೆ ಶಹಾಬಾದಿನ ಫರಸಿ ಕಲ್ಲು, ಮದುವೆ ದಿನಗಳಲ್ಲಿ ಶಾಮಿಯಾನ.

ಕೆಮ್ಮು ಅಂದರೆ ಮಿಸ್ ಹೊಡೆಯುವುದು, ಒಂದು ಸಿಲಿಂಡರ್ ತನ್ನ ಸರದಿಯಲ್ಲಿ ಹೊತ್ತಿಕೊಳ್ಳದೆ ತಪ್ಪುವುದು. ಓಡುತ್ತಾ ಓಡುತ್ತಾ ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದಂತೆ ಒಂದು ಜರ್ಕ್. ನಾಲ್ಕೈದು ಸಲ ಹಾಗೆ ಆಗುತ್ತದೆ, ಮತ್ತೆ ಏನೂ ಆಗಿಲ್ಲವೆಂಬಂತೆ ಹೋಗುತ್ತದೆ. ಎಂಜಿನ್ ಲೈಟ್ ಎರಡು ಸಲ ಮಿಣುಕಿ ಆರುತ್ತದೆ. ಆ ಲೈಟ್ ಸುಮ್ನೆ ಉರಿದರೆ ಒಂದು ಅರ್ಥ, ಮಿಣುಕಿದರೆ ಇನ್ನೊಂದು. ಮಿಣುಕಿದರೆ ಈಗ, ಈ ಕ್ಷಣ, ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುವಷ್ಟು ಮಿಸ್ ಆಗುತ್ತಿದೆ ಅಂತ. ಗಾಡಿ ಓಡುತ್ತದಲ್ಲ ಅಂತ ಬಿಡುವ ಹಾಗಿಲ್ಲ.

ಮೊದಲ ದಿನ ನಾನೇ ಓಡಿಸಿ ನೋಡಿದೆ. ಖಾಲಿ ಗಾಡಿ, ರಿಂಗ್ ರೋಡ್ ಪೂರ್ತಿ ಒಂದು ಸುತ್ತು. ಬೆಣ್ಣೆಯಂತೆ ಹೋಯಿತು. ನಿಲ್ಲಿಸಿದಾಗಲೂ ಐಡಲಿಂಗ್ ಸರಿಯಾಗಿತ್ತು, ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ಚಹಾ ಕಪ್ ಅಲುಗಲಿಲ್ಲ. "ನಿನ್ನ ಭ್ರಮೆ" ಅಂದೆ. ಅವನು ಏನೂ ಮಾತಾಡಲಿಲ್ಲ. ಮರುದಿನ 14 ಚೀಲ ಹೇರಿಕೊಂಡು ಬಂದು, ಅಂಗಡಿ ಮುಂದೆ ನಿಲ್ಲಿಸಿ, ಗಾಡಿ ಹತ್ತು ಅಂದ. ಜೇವರ್ಗಿ ರಸ್ತೆಯ ರೈಲ್ವೆ ಮೇಲ್ಸೇತುವೆ ಏರುವಾಗ ಎರಡನೇ ಗೇರಿನಲ್ಲಿ ಕೆಮ್ಮಿತು ನೋಡಿ, ನನ್ನ ತಲೆ ಹಿಂದಿನ ಗಾಜಿಗೆ ಬಡಿಯಿತು. ಭ್ರಮೆಯ ಮಾತು ಅಲ್ಲಿಗೆ ಮುಗಿಯಿತು.

ಕೋಡ್ ಹೇಳಿದ್ದು

ನನ್ನ ಹತ್ತಿರ 600 ರೂಪಾಯಿಯ ಒಂದು ಇಎಲ್‌ಎಂ 327 ಬ್ಲೂಟೂತ್ ಡಬ್ಬಿ ಇದೆ. ಗಾಡಿಯ ದೋಷದ ಕೋಡ್ ಓದಲು ಸ್ಟೀರಿಂಗ್ ಕೆಳಗೆ ಇರುವ ಓಬಿಡಿ ಸಾಕೆಟ್‌ಗೆ ಚುಚ್ಚಿ ಮೊಬೈಲ್‌ನಲ್ಲಿ ನೋಡಿದರೆ ಒಂದೇ ಕೋಡ್: ಪಿ0303. ಮೂರನೇ ಸಿಲಿಂಡರ್ ಮಿಸ್. ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಯಾವುದು ಅಂತ ಗೊತ್ತಾಗದೆ ಎಲ್ಲವೂ ಒಂದೊಂದು ಸಲ ತಪ್ಪುತ್ತಿದ್ದರೆ ಪಿ0300 ಬರುತ್ತದೆ.

ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಅದಕ್ಕೆ ಇದು ಗೊತ್ತಾಗುವ ರೀತಿ ನನಗೆ ಇಷ್ಟ. ಅದು ಸಿಲಿಂಡರ್ ಒಳಗೆ ಇಣುಕುವುದಿಲ್ಲ. ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್, ಅಂದರೆ ಕ್ರ್ಯಾಂಕ್, ತಿರುಗುವ ವೇಗವನ್ನು ಸೆನ್ಸರ್‌ನಿಂದ ಅಳೆಯುತ್ತಾ ಇರುತ್ತದೆ. ಪ್ರತಿ ಸಿಲಿಂಡರ್ ಹೊತ್ತಿಕೊಂಡಾಗ ಕ್ರ್ಯಾಂಕ್‌ಗೆ ಒಂದು ತಳ್ಳು ಸಿಗುತ್ತದೆ. ಯಾರ ಸರದಿಯಲ್ಲಿ ತಳ್ಳು ಬರಲಿಲ್ಲವೋ ಅವನ ಹೆಸರು ಬರೆದುಕೊಳ್ಳುತ್ತದೆ. ಶಾಲೆಯಲ್ಲಿ ಹಾಜರಿ ಕರೆದಂತೆ. ಆದರೆ ಹುಡುಗ ಯಾಕೆ ಬಂದಿಲ್ಲ ಅಂತ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ, ಅಲ್ವಾ? ಕಿಡಿ ಬರಲಿಲ್ಲವೋ, ಪೆಟ್ರೋಲ್ ಬರಲಿಲ್ಲವೋ, ಒಳಗಿನ ಗಾಳಿ ಒತ್ತುವ ಕಂಪ್ರೆಶನ್ ಇಲ್ಲವೋ, ಮೂರಕ್ಕೂ ಅದೇ ಕೋಡ್.

ಕೋಡ್ ಬಿದ್ದ ಗಳಿಗೆಯ ಅಂಕಿಗಳನ್ನೂ ಅದು ಇಟ್ಟುಕೊಂಡಿತ್ತು. ಎಂಜಿನ್ ಲೋಡ್ 88 ಶೇಕಡಾ, 2,300 ಸುತ್ತು, ಕೂಲಂಟ್ 94 ಡಿಗ್ರಿ. ಉದ್ದದ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ, 14 ಶೇಕಡಾ ಪ್ಲಸ್. ಈ ಟ್ರಿಮ್ ನೋಡಿ ಮೋಸ ಹೋಗಬಾರದು. ಸಿಲಿಂಡರ್ ಹೊತ್ತದಿದ್ದರೆ ಅದರ ಗಾಳಿ ಹಾಗೇ ಆಕ್ಸಿಜನ್ ಸೆನ್ಸರ್ ತನಕ ಬರುತ್ತದೆ. ಸೆನ್ಸರ್ ಗಾಳಿ ಜಾಸ್ತಿ ಇದೆ ಅನ್ನುತ್ತದೆ, ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ. ಕಿಡಿ ತಪ್ಪಿದರೂ ಹೀಗೇ, ಪೆಟ್ರೋಲ್ ತಪ್ಪಿದರೂ ಹೀಗೇ. ನನಗೆ ಅದರಿಂದ ಏನೂ ಸಿಗಲಿಲ್ಲ.

ಗಂಜ್‌ನಲ್ಲಿ ಎಲ್ಲರೂ ಡಾಕ್ಟರು. ಒಬ್ಬ ಹಮಾಲಿ ಮಾಮಾ "ಪೆಟ್ರೋಲ್‌ನ್ಯಾಗ ಎಥನಾಲ್ ಹಾಕ್ತಾರಲ್ರೀ, ಅದರದೇ ಕೆಲಸ" ಅಂದ. ಈಗ ಗಾಡಿಗೆ ಏನೇ ಆದರೂ ಇ20, ಅಂದರೆ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್, ಅದರ ಮೇಲೆ ಗೂಬೆ ಕೂರಿಸುವುದು ರೂಢಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಅದು ನಿಜ. ಆದರೆ ಪೆಟ್ರೋಲ್ ಕೆಟ್ಟಿದ್ದರೆ ನಾಲ್ಕೂ ಸಿಲಿಂಡರ್ ಒದ್ದಾಡಬೇಕು. ಒಂದೇ ಟ್ಯಾಂಕಿನ ಪೆಟ್ರೋಲ್ ಮೂರನೆಯವನಿಗೆ ಮಾತ್ರ ವಿಷ ಆಗಲ್ಲ. ಪಂಪ್, ಫಿಲ್ಟರ್ ಕೂಡ ಇದೇ ಕಾರಣಕ್ಕೆ ಲೆಕ್ಕದಿಂದ ಹೊರಗೆ. ಮ್ಯಾನಿಫೋಲ್ಡ್‌ನಲ್ಲಿ ಗಾಳಿ ಸೋರಿಕೆ ಇದ್ದರೆ ಐಡಲಿಂಗ್‌ನಲ್ಲೇ ಜಾಸ್ತಿ ನಡುಗಬೇಕಿತ್ತು. ಅದೂ ಇಲ್ಲ.

ಕಾಯಿಲ್ ಮೇಲೆ ಹೋದ ದುಡ್ಡು

ಲೋಡ್ ಬಿದ್ದಾಗ ಮಾತ್ರ ಮಿಸ್ ಅಂದರೆ ಕಿಡಿಯ ಕಡೆ ನೋಡು, ಅಂತ ಯಾವ ಮಿಸ್ತ್ರಿಯೂ ಹೇಳುತ್ತಾನೆ. ಸುಳ್ಳಲ್ಲ. ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರಿನಲ್ಲಿ ಒತ್ತಡ ಹೆಚ್ಚು. ಆ ಒತ್ತಡದಲ್ಲಿ ಪ್ಲಗ್‌ನ ಸಂದಿ ದಾಟಲು ಕಿಡಿಗೆ ಜಾಸ್ತಿ ವೋಲ್ಟೇಜ್ ಬೇಕು. ಆ ವೋಲ್ಟೇಜ್ ಕೊಡುವ ಕಾಯಿಲ್ ಸೋತಿದ್ದರೆ, ಅದರ ರಬ್ಬರ್ ಬೂಟ್ ಸೀಳಿದ್ದರೆ, ಕಿಡಿ ಸುಲಭದ ದಾರಿ ಹಿಡಿದು ಬೇರೆ ಕಡೆ ಹಾರುತ್ತದೆ. ಐಡಲಿಂಗ್‌ನಲ್ಲಿ ಗೊತ್ತೇ ಆಗಲ್ಲ. ನಮ್ಮ ಗಾಡಿಯ ಲಕ್ಷಣ ಅದಕ್ಕೆ ಹೇಳಿ ಮಾಡಿಸಿದಂತಿತ್ತು.

ತಮ್ಮ ನನ್ನನ್ನು ಕೇಳದೆ 2,100 ರೂಪಾಯಿಗೆ ಹೊಸ ಕಾಯಿಲ್ ತಂದುಬಿಟ್ಟ. ಹಾಕಿದೆವು. ಎರಡು ದಿನ ಕೆಮ್ಮಲಿಲ್ಲ. ಅವನು ಖುಷಿಯಲ್ಲಿ ಮಿರ್ಚಿ ಭಜಿ ತಂದ. ಮೂರನೇ ದಿನ ಕಟ್ಟಿಸಂಗಾವಿ ಸೇತುವೆ ದಾಟಿ ಏರು ಹತ್ತುವಾಗ ಮತ್ತೆ ಶುರು. ಆಮೇಲೆ ಲೆಕ್ಕ ಹಾಕಿದರೆ ಆ ಎರಡು ದಿನ ಅವನು ಸಾಗಿಸಿದ್ದು ಶಾಮಿಯಾನ ಬಟ್ಟೆ. ತೂಕವೇ ಇರಲಿಲ್ಲ.

ಬಂದು ಹೋಗುವ ತೊಂದರೆಯಲ್ಲಿ ಇದೊಂದು ಕಾಟ. ಏನು ಮಾಡಿದರೂ ಎರಡು ದಿನ ಸರಿಯಾದಂತೆ ಕಾಣುತ್ತದೆ. ಹನುಮಂತ ದೇವರಿಗೆ ಕಾಯಿ ಒಡೆದಿದ್ದರೂ ಸರಿಯಾಗಿರುತ್ತಿತ್ತು.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಮೂರನೇ ಸಿಲಿಂಡರಿನ ಕಾಯಿಲ್ ಒಂದಕ್ಕೆ, ಒಂದರದ್ದು ಮೂರಕ್ಕೆ. ಮೂರರ ಪ್ಲಗ್ ನಾಲ್ಕಕ್ಕೆ, ನಾಲ್ಕರದ್ದು ಮೂರಕ್ಕೆ. ಕೋಡ್ ಅಳಿಸಿ, ಲೋಡ್ ಹಾಕಿ ಕಳಿಸಿದೆ. ಕೋಡ್ ಪಿ0301ಕ್ಕೆ ಹೋದರೆ ಕಾಯಿಲ್ ತಪ್ಪಿತಸ್ಥ, ಪಿ0304ಕ್ಕೆ ಹೋದರೆ ಪ್ಲಗ್. ಪೈಸೆ ಖರ್ಚಿಲ್ಲ. ಸಂಜೆ ಬಂದದ್ದು ಮತ್ತೆ ಪಿ0303. ಅಂದರೆ ಕಾಯಿಲೂ ಅಲ್ಲ, ಪ್ಲಗ್ಗೂ ಅಲ್ಲ. ತಮ್ಮ ಹೊಸ ಕಾಯಿಲ್ ವಾಪಸ್ ಕೊಡಲು ಹೋದ. ಎಲೆಕ್ಟ್ರಿಕಲ್ ಸಾಮಾನು ಹಿಂದಕ್ಕೆ ತಗೊಳ್ಳಲ್ಲ ಅಂದರು. ಅದು ಈಗ ನನ್ನ ಅಂಗಡಿಯ ಕಪಾಟಿನಲ್ಲಿದೆ.

ಕಂಪ್ರೆಶನ್ ನೋಡುವುದು ಉಳಿದಿತ್ತು. ಗೇಜ್ ಒಂದನ್ನು ಕೇಳಿ ತಂದೆ. ನಾಲ್ಕೂ ಪ್ಲಗ್ ಬಿಚ್ಚಿ, ಪಂಪಿನ ಫ್ಯೂಸ್ ಮತ್ತು ಕಾಯಿಲ್‌ಗಳ ಕನೆಕ್ಟರ್ ಕಿತ್ತು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಸಿದೆ. 172, 170, 174, 169 ಪಿಎಸ್‌ಐ. ಮೂರನೆಯದೇ ಎಲ್ಲಕ್ಕಿಂತ ಗಟ್ಟಿ. ಪಕ್ಕದ ಸಿಲಿಂಡರುಗಳಿಗೂ ಅದಕ್ಕೂ ಹತ್ತು ಶೇಕಡಾ ವ್ಯತ್ಯಾಸ ಇದ್ದರೆ ಚಿಂತೆ ಮಾಡಬೇಕು. ಇಲ್ಲಿ ಚಿಂತೆಗೆ ಜಾಗವೇ ಇಲ್ಲ.

ಬೇವಿನ ಮರದ ಕೆಳಗೆ

ಈ ಹೊತ್ತಿಗೆ ಶರಣಬಸವೇಶ್ವರ ಜಾತ್ರೆ ಹತ್ತಿರ ಬಂದಿತ್ತು, ಬಿಸಿಲೂ ಏರಿತ್ತು. ನಾನು ತಮ್ಮನಿಗೆ ಮಗಳ ಹಳೇ ನೋಟ್‌ಬುಕ್ ಒಂದು ಕೊಟ್ಟಿದ್ದೆ. ಕೆಮ್ಮಿದಾಗಲೆಲ್ಲ ಬರಿ: ಎಲ್ಲಿ, ಎಷ್ಟು ಗಂಟೆ, ಯಾವ ಗೇರ್, ಎಷ್ಟು ಚೀಲ. ಬಿಸಿಲಿಗೆ ಏನೋ ಹಿಗ್ಗಿ ಹೀಗಾಗುತ್ತಿದೆ ಅಂತ ನನ್ನ ಗುಮಾನಿ. ಪುಸ್ತಕ ಅದನ್ನು ಒಂದೇ ವಾರದಲ್ಲಿ ಮುಗಿಸಿತು. ಬೆಳಗ್ಗೆ 6 ಗಂಟೆಗೂ ಕೆಮ್ಮಿದೆ, ಮಧ್ಯಾಹ್ನ 2ಕ್ಕೂ ಕೆಮ್ಮಿದೆ. ಬಿಸಿಲಲ್ಲ. ಗೇರಿನ ಸಾಲನ್ನು ಮಾತ್ರ ನಾನು ಸರಿಯಾಗಿ ಓದಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಉಳಿದದ್ದು ಪೆಟ್ರೋಲ್. ಅದನ್ನು ಖಾತ್ರಿ ಮಾಡಿಕೊಳ್ಳಲು ಒಂದು ಹಳೇ ಉಪಾಯ ಇದೆ. ಕೆಮ್ಮುತ್ತಿರುವಾಗಲೇ ಗಾಡಿಯನ್ನು ಪಕ್ಕಕ್ಕೆ ಹಾಕಿ ಎಂಜಿನ್ ನಿಲ್ಲಿಸಿಬಿಡುವುದು. ಆಮೇಲೆ ಪ್ಲಗ್ ಬಿಚ್ಚಿ ಮೂಸಿ ನೋಡುವುದು. ಓಡುತ್ತಿರುವಾಗಲೇ ಕೀಲಿ ತಿರುಗಿಸಬೇಡಿ, ಬ್ರೇಕ್ ಗಟ್ಟಿಯಾಗುತ್ತದೆ. ಕ್ಲಚ್ ಒತ್ತಿ, ಬದಿಗೆ ನಿಂತು, ತಕ್ಷಣ ಆಫ್ ಮಾಡಿದರೆ ಸಾಕು. ಮನೆ ತನಕ ಓಡಿಸಿಕೊಂಡು ಬಂದರೆ ಪ್ಲಗ್ ಮತ್ತೆ ಉರಿದು ಸಾಕ್ಷಿ ಅಳಿಸಿಹೋಗುತ್ತದೆ.

ಕಿಡಿ ಬಾರದಿದ್ದರೆ ಪೆಟ್ರೋಲ್ ಒಳಗೆ ಬಂದು ಹೊತ್ತದೆ ನಿಂತಿರುತ್ತದೆ. ಪ್ಲಗ್ ಒದ್ದೆ, ಮೂಗಿಗೆ ಘಮ್ ಅಂತ ಪೆಟ್ರೋಲ್ ವಾಸನೆ. ಪೆಟ್ರೋಲೇ ಬಾರದಿದ್ದರೆ ಪ್ಲಗ್ ಒಣ.

ಕಟ್ಟಿಸಂಗಾವಿ ಏರು ಅಂದರೆ ದೊಡ್ಡ ಘಾಟ್ ಅಲ್ಲ. ಭೀಮೆ ದಾಟಿ ದಂಡೆಯಿಂದ ಮೇಲಕ್ಕೆ ಬರುವ ರಸ್ತೆ, ಅಷ್ಟೇ. ನಮ್ಮ ಎರೆ ಬಯಲಿನಲ್ಲಿ ಅದೇ ಘಾಟ್. ಅಲ್ಲಿ ಮೂರನೇ ಗೇರಿನಲ್ಲಿ ಚೆನ್ನಾಗಿ ಕೆಮ್ಮಿಸಿ, ಬೇವಿನ ಮರದ ನೆರಳಿಗೆ ನಿಲ್ಲಿಸಿದೆವು. ಅಲ್ಯೂಮಿನಿಯಂ ಹೆಡ್ ಬಿಸಿ ಇರುವಾಗ ಪ್ಲಗ್ ಬಿಚ್ಚಿದರೆ ಅದು ಕೂರುವ ಥ್ರೆಡ್ ಹಾಳಾಗುತ್ತದೆ. ಹಾಗಾಗಿ ಮುಕ್ಕಾಲು ಗಂಟೆ ಕಾದೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಸೀಟು ಎತ್ತಿಟ್ಟ ಗಾಡಿಯಿಂದ ಒಲೆಯಂತೆ ಝಳ ಬರುತ್ತಿತ್ತು. ಹೋಗಿ ಬರುವವರೆಲ್ಲ "ಏನಾಗ್ಯಾದ್ರೀ?" ಅಂತ ಕೇಳಿ, ಉತ್ತರ ಕೇಳದೆ ಹೋಗುತ್ತಿದ್ದರು.

ಎರಡರ ಪ್ಲಗ್ ಬಿಚ್ಚಿದೆ. ಬಿಸ್ಕತ್ ಬಣ್ಣ. ಮೂರರದ್ದು ಬಿಚ್ಚಿದೆ. ಒಣ. ಬೆಳ್ಳಗೆ, ತೊಳೆದಿಟ್ಟಂತೆ. ಮೂಗಿನ ಹತ್ತಿರ ಹಿಡಿದೆ, ಏನೂ ಇಲ್ಲ. ತಮ್ಮನ ಕೈಗೆ ಕೊಟ್ಟೆ. ಅವನ ಬೆರಳಿಗೆ ಶೇಂಗಾ ಹಿಂಡಿ ಹತ್ತಿತ್ತು. "ಬೆಳ್ಳುಳ್ಳಿ ವಾಸನಿ ಬರ್ತದ" ಅಂದ. ಅದು ಬಿಟ್ಟರೆ ಬೇರೆ ಇಲ್ಲ.

ಒಂದೂವರೆ ತಿಂಗಳು ಕಿಡಿಯ ಹಿಂದೆ ಬಿದ್ದಿದ್ದೆವು. ಆ ಒಂದೂವರೆ ತಿಂಗಳಲ್ಲಿ ಒಂದು ದಿನವೂ ಸೈಲೆನ್ಸರ್ ಹತ್ತಿರ ಹಸಿ ಪೆಟ್ರೋಲ್ ವಾಸನೆ ಬಂದಿರಲಿಲ್ಲ. ಅದು ತಲೆಗೆ ಹೊಳೆಯಬೇಕಿತ್ತು.

ಡ್ಯಾಶ್‌ಬೋರ್ಡ್ ಮೇಲೆ ಎರಡು ದೀಪ

ಸಿಲಿಂಡರಿಗೆ ಪೆಟ್ರೋಲ್ ಕೊಡುವ ಇಂಜೆಕ್ಟರ್ ಅಂದರೆ ಸಣ್ಣ ಸೊಲೆನಾಯ್ಡ್, ಕರೆಂಟ್ ಬಂದಾಗ ತೆರೆಯುವ ವಾಲ್ವ್. ಒಂದು ವೈರಿನಲ್ಲಿ ಯಾವಾಗಲೂ 12 ವೋಲ್ಟ್. ಇನ್ನೊಂದು ವೈರನ್ನು ಇಸಿಯು ತನಗೆ ಬೇಕಾದಾಗ ಅರ್ಥ್ ಮಾಡುತ್ತದೆ. ಅಷ್ಟೂ ಹೊತ್ತು ಪೆಟ್ರೋಲ್ ಸಿಂಪಡಣೆ. ಟಿವಿ ರಿಪೇರಿಯವನಿಗೆ ಇದು ಮನೆಯ ಅಂಗಳ. ಎಂಜಿನ್‌ನಿಂದ ಕೊನೆಗೂ ನನ್ನ ಊರಿಗೆ ಬಂದೆ ಅನ್ನಿಸಿತು.

ನಾಲ್ಕೂ ಇಂಜೆಕ್ಟರ್‌ಗಳ ಓಮ್ ಅಳೆದೆ. 13.8ರಿಂದ 14.1ರ ಒಳಗೆ. ಉದ್ದನೆ ಸ್ಕ್ರೂಡ್ರೈವರ್‌ನ ಹಿಡಿ ಕಿವಿಗೆ, ತುದಿ ಇಂಜೆಕ್ಟರ್‌ಗೆ ಹಚ್ಚಿ ಕೇಳಿದೆ. ನಾಲ್ಕೂ ಟಿಕ್ ಟಿಕ್. ಮೂರನೆಯದರ ವೈರನ್ನು ಇಸಿಯು ತನಕ ಮೀಟರ್‌ನಿಂದ ನೋಡಿದೆ. 0.3 ಓಮ್. ಎಲ್ಲ ಸರಿ. ನಿಂತ ಗಾಡಿಯಲ್ಲಿ ಎಲ್ಲ ಯಾವಾಗಲೂ ಸರಿ. ತೊಂದರೆ ಓಡುವಾಗ ಬರುತ್ತದೆ ಅಂದರೆ ಓಡುವಾಗಲೇ ನೋಡಬೇಕು.

ಎರಡು ಎಲ್‌ಇಡಿ ತಗೊಂಡೆ, ಒಂದು ಹಸಿರು, ಒಂದು ಕೆಂಪು. ಒಂದೊಂದಕ್ಕೂ 1 ಕಿಲೋ ಓಮ್ ರೆಸಿಸ್ಟರ್. ಹಸಿರನ್ನು ಎರಡನೇ ಇಂಜೆಕ್ಟರಿನ ಎರಡು ಪಿನ್‌ಗಳಿಗೆ, ಕೆಂಪನ್ನು ಮೂರನೆಯದಕ್ಕೆ ಪ್ಯಾರಲಲ್ ಆಗಿ, ಕನೆಕ್ಟರಿನ ಹಿಂದಿನಿಂದ ಗುಂಡುಪಿನ್ನು ತೂರಿಸಿ ಜೋಡಿಸಿದೆ. ವೈರ್ ಎಳೆದು ಡ್ಯಾಶ್‌ಬೋರ್ಡ್ ಮೇಲೆ ಟೇಪ್ ಹಚ್ಚಿದೆ. ಇಂಜೆಕ್ಟರ್‌ಗೆ ಕರೆಂಟ್ ಬಂದಾಗಲೆಲ್ಲ ಎಲ್‌ಇಡಿ ಮಿಂಚುತ್ತದೆ. ಕೆಮ್ಮುವಾಗ ಕೆಂಪು ಮಿಂಚುತ್ತಲೇ ಇದ್ದರೆ ಇಂಜೆಕ್ಟರೇ ಕೆಟ್ಟಿದೆ. ಕೆಂಪು ಆರಿದರೆ ಕರೆಂಟ್ ಅಲ್ಲಿಗೆ ಮುಟ್ಟುತ್ತಿಲ್ಲ.

ಮೊದಲ ಸಲ ಎರಡೂ ಎಲ್‌ಇಡಿ ಫರಹತಾಬಾದ್ ಮುಟ್ಟುವುದರೊಳಗೆ ಸತ್ತವು. ನಾಚಿಕೆ ಆಯಿತು, ಇಷ್ಟು ವರ್ಷ ಇದೇ ಕೆಲಸ ಮಾಡುವವನು. ಯಾವ ಕಾಯಿಲ್ ಆದರೂ ಕರೆಂಟ್ ಕಡಿದ ಕ್ಷಣ ಉಲ್ಟಾ ಒದೆಯುತ್ತದೆ, ಇಂಜೆಕ್ಟರ್‌ನಲ್ಲಿ ಅದು 60 ವೋಲ್ಟ್ ಮೇಲೆ ಹೋಗುವುದು ಮಾಮೂಲು. ಎಲ್‌ಇಡಿ ಉಲ್ಟಾ ವೋಲ್ಟೇಜ್ 5ರ ಆಚೆ ತಡೆಯುವುದಿಲ್ಲ. ಸರಣಿಯಲ್ಲಿ ಒಂದೊಂದು 4007 ಡಯೋಡ್ ಹಾಕಿದೆ. ಒಂದಕ್ಕೆ ಒಂದು ರೂಪಾಯಿ. ಆಮೇಲೆ ಸಾಯಲಿಲ್ಲ. ಇದನ್ನು ನೀವು ಮಾಡುವುದಾದರೆ ಎಲ್‌ಇಡಿಯೇ ಹಾಕಿ. ಇಂಡಿಕೇಟರ್ ಬಲ್ಬ್ ತಗೊಂಡು ಇಸಿಯು ದಾರಿಗೆ ಜೋಡಿಸಬೇಡಿ. ಅಷ್ಟು ಕರೆಂಟ್ ಎಳೆದರೆ ಇಸಿಯು ಒಳಗಿನ ಟ್ರಾನ್ಸಿಸ್ಟರ್ ಹೋಗುತ್ತದೆ, ಆಮೇಲೆ ಲೆಕ್ಕ ಸಾವಿರಗಳಲ್ಲಿ.

14 ಚೀಲ, ಅದೇ ರೈಲ್ವೆ ಮೇಲ್ಸೇತುವೆ, ಎರಡನೇ ಗೇರ್. ತಮ್ಮ ರಸ್ತೆ ನೋಡುತ್ತಿದ್ದ, ನಾನು ದೀಪ ನೋಡುತ್ತಿದ್ದೆ. ಹಸಿರು ಒಂದೇ ಸಮನೆ ನಡುಗುತ್ತಿತ್ತು. ಏರಿನ ಮಧ್ಯ ಜರ್ಕ್ ಬಂತು, ಕೆಂಪು ಮಂಕಾಯಿತು. ಇನ್ನೊಂದು ಜರ್ಕ್, ಪೂರ್ತಿ ಆರಿತು. ಸೇತುವೆ ನೆತ್ತಿ ದಾಟಿ ಇಳಿಯುವಾಗ ಮತ್ತೆ ಹತ್ತಿತು. ನಾನು ಕೂಗಿದ ಕೂಗಿಗೆ ತಮ್ಮ ಬ್ರೇಕ್ ಹಾಕಿಬಿಟ್ಟ. ಹಿಂದಿನ ಆಟೋದವನು ನಮ್ಮ ವಂಶದವರನ್ನೆಲ್ಲ ನೆನೆದ.

ಇಂಜೆಕ್ಟರ್ ನಿರಪರಾಧಿ. ವೈರು ಎಲ್ಲೋ ಬಿಟ್ಟುಕೊಡುತ್ತಿದೆ.

ಹಾಗಾದರೆ ಇಸಿಯು ಪಿ0203 ಅಂತ ಇನ್ನೊಂದು ಕೋಡ್ ಯಾಕೆ ಕೊಡಲಿಲ್ಲ? ಮೂರನೇ ಇಂಜೆಕ್ಟರಿನ ಸರ್ಕ್ಯೂಟ್ ಕೋಡ್ ಅದು. ಬಂದಿದ್ದರೆ ಜನವರಿಯಲ್ಲೇ ಕೆಲಸ ಮುಗಿಯುತ್ತಿತ್ತು. ನನ್ನ ಲೆಕ್ಕ ಹೀಗೆ. ಇಂಜೆಕ್ಟರ್ ಆಫ್ ಇರುವಾಗ ತನ್ನ ಪಿನ್‌ಗೆ 12 ವೋಲ್ಟ್ ಬರುತ್ತಿದೆಯಾ ಅಂತ ಇಸಿಯು ನೋಡುತ್ತದೆ. ವೈರ್ ಪೂರ್ತಿ ಕಡಿಯದೆ ಅರೆಬರೆ ಮುಟ್ಟಿಕೊಂಡಿದ್ದರೆ ಆ 12 ವೋಲ್ಟ್ ಕಾಣುತ್ತಲೇ ಇರುತ್ತದೆ. ಇಂಜೆಕ್ಟರ್ ತೆರೆಯಲು ಬೇಕಾದ ಮುಕ್ಕಾಲು, ಒಂದು ಆಂಪಿಯರ್ ಮಾತ್ರ ಆ ಸಂದಿಯಲ್ಲಿ ಹರಿಯುವುದಿಲ್ಲ. ಪೂರ್ತಿ ಕಡಿಯುವುದು ಕೆಲವೇ ಕ್ಷಣ. ಕೋಡ್ ಬೀಳಲು ಅಷ್ಟು ಸಾಲದು. ನನ್ನ ಮೀಟರ್ ಮೋಸ ಹೋದದ್ದೂ ಹೀಗೇ. ಓಮ್ ನೋಡುವಾಗ ಅದು ಕಳಿಸುವುದು ಮಿಲಿ ಆಂಪಿಯರ್ ಲೆಕ್ಕದ ಕರೆಂಟ್. ತುದಿಗಳು ಮುಟ್ಟಿಕೊಂಡಿದ್ದರೆ ಅಷ್ಟಕ್ಕೆ ಧಾರಾಳ.

ಬಲ್ಬಿನ ಮಾತು

ಅಂಗಡಿ ಮುಂದೆ ಗಾಡಿಯ ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಇಸಿಯು ಕನೆಕ್ಟರ್ ಕಿತ್ತೆ, ಇಂಜೆಕ್ಟರ್ ಕನೆಕ್ಟರ್ ಕಿತ್ತೆ. ಈಗ ಆ ವೈರು ಎರಡೂ ಕಡೆ ಅನಾಥ. ಒಂದು ತುದಿಗೆ ಅಂಗಡಿಯ ಬೇರೆ 12 ವೋಲ್ಟ್ ಬ್ಯಾಟರಿಯ ಪ್ಲಸ್, ಇನ್ನೊಂದು ತುದಿಗೆ 21 ವ್ಯಾಟ್ ಇಂಡಿಕೇಟರ್ ಬಲ್ಬ್, ಬಲ್ಬಿನ ಇನ್ನೊಂದು ಕಾಲು ಅದೇ ಬ್ಯಾಟರಿಯ ಮೈನಸ್‌ಗೆ. ಇಸಿಯು ಈ ದಾರಿಯಲ್ಲಿ ಇಲ್ಲ, ಹಾಗಾಗಿ ಬಲ್ಬ್ ಹಾಕಬಹುದು. 21 ವ್ಯಾಟ್ ಅಂದರೆ ಒಂದೂಮುಕ್ಕಾಲು ಆಂಪಿಯರ್. ವೈರಿಗೆ ನಿಜವಾದ ಹೊರೆ.

ಎರಡನೇ ಇಂಜೆಕ್ಟರಿನ ವೈರಿನಲ್ಲಿ ಬಲ್ಬ್ ಫಳ್ ಅಂತ ಹತ್ತಿತು. ಬ್ಯಾಟರಿಯಲ್ಲಿ 12.4, ಬಲ್ಬಿನಲ್ಲಿ 12.2. ಮೂರನೆಯದರಲ್ಲಿ ಬಲ್ಬಿಗೆ ಮುಟ್ಟಿದ್ದು 11.1. ಹತ್ತುತ್ತದೆ, ಆದರೆ ಹಳದಿ. ಮೀಟರ್ 0.3 ಅಂದ ವೈರು ಇದೇ. ಹಾರ್ನೆಸ್, ಅಂದರೆ ವೈರುಗಳ ಕಟ್ಟು, ಹಿಡಿದು ಅಲ್ಲಾಡಿಸಿದೆ. ಒಂದು ಕಡೆ ಎಳೆದಾಗ ಬಲ್ಬ್ ಆರಿತು, ಬಿಟ್ಟಾಗ ಹತ್ತಿತು. 12 ವೋಲ್ಟ್ ತರುವ ಇನ್ನೊಂದು ವೈರನ್ನೂ ಹೀಗೇ ನೋಡಿದೆ, ಅದು ಸರಿ ಇತ್ತು.

ಒಂದು ಕಡೆ ಎಳೆದಾಗ ಮಾತ್ರ. ಇನ್ನೊಂದು ಕಡೆ ತಳ್ಳಿದರೆ ಏನೂ ಆಗಲ್ಲ. ಆಗ ನನಗೆ ನೋಟ್‌ಬುಕ್ ನೆನಪಾಯಿತು.

ತೆಗೆದು ನೋಡಿದೆ. ತಮ್ಮನ ಕಾಗೆಕಾಲು ಅಕ್ಷರ. "2ನೇ ಗೇರ್, 14 ಚೀಲ." "3ನೇ ಗೇರ್, 12 ಚೀಲ." "1ನೇ ಗೇರ್, ಹಂಪ್." ಐದನೇ ಗೇರ್ ಒಂದು ಸಲವೂ ಇಲ್ಲ. ಫರಹತಾಬಾದ್ ದಾಟಿ ಐದನೇ ಗೇರಿನಲ್ಲಿ ಆಕ್ಸಿಲರೇಟರ್ ನೆಲಕ್ಕೆ ಒತ್ತಿ ಎಳೆಸುತ್ತಾನೆ, ಆಗಲೂ ಎಂಜಿನ್ ಲೋಡ್ 90 ಮುಟ್ಟುತ್ತದೆ, ಆಗ ಕೆಮ್ಮುವುದಿಲ್ಲ. ಕೊನೆಯ ಪುಟದ ಕೆಳಗೆ, ನಾನು ಕೇಳದೇ ಇದ್ದ ಒಂದು ಸಾಲು: "ಗಂಜ್‌ನ್ಯಾಗ ರಿವರ್ಸ್ ಏರಿಸುವಾಗ ಎಂದೂ ಬರಲ್ಲ."

ಅಡತಿ ಅಂಗಡಿಯ ಗೋದಾಮಿಗೆ ಚೀಲ ಇಳಿಸಲು ಅವನು ಪೂರ್ತಿ ಲೋಡಿನಲ್ಲಿ ರಿವರ್ಸ್‌ನಲ್ಲಿ ರ‍್ಯಾಂಪ್ ಹತ್ತಿಸುತ್ತಾನೆ. ಎಂಜಿನ್‌ಗೆ ಅದೂ ಅಷ್ಟೇ ಭಾರ. ಕಿಡಿ ಸೋತಿದ್ದರೆ ಅಲ್ಲೂ ಸೋಲಬೇಕು, ಪೆಟ್ರೋಲ್ ಸಾಲದಿದ್ದರೆ ಅಲ್ಲೂ ಸಾಲಬಾರದು. ಬೇರೆ ಇರುವುದು ಒಂದೇ, ಎಂಜಿನ್ ವಾಲುವ ದಿಕ್ಕು. ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಗಡ್ಡೆ, ರಬ್ಬರ್ ಮೌಂಟ್‌ಗಳ ಮೇಲೆ ಕೂತಿದೆ. ಅದು ಹಿಂದಿನ ಶಾಫ್ಟನ್ನು ಒಂದು ಕಡೆ ತಿರುಗಿಸಿದರೆ ತಾನು ಇನ್ನೊಂದು ಕಡೆ ವಾಲುತ್ತದೆ. ಗೇರ್ ಕೆಳಗಿದ್ದಷ್ಟೂ ಶಾಫ್ಟಿನ ತಿರುಚು ಜಾಸ್ತಿ, ವಾಲುವುದೂ ಜಾಸ್ತಿ. ಐದನೇ ಗೇರಿನಲ್ಲಿ ಕಡಿಮೆ. ರಿವರ್ಸ್‌ನಲ್ಲಿ ಶಾಫ್ಟ್ ಉಲ್ಟಾ, ವಾಲುವುದೂ ಉಲ್ಟಾ.

ನಾನು ಎರಡು ತಿಂಗಳಿಂದ ಹುಡುಕುತ್ತಿದ್ದದ್ದನ್ನು ಅವನು ಫೆಬ್ರವರಿಯಲ್ಲೇ ಬರೆದಿಟ್ಟಿದ್ದ. ಅವನಿಗೆ ಗೊತ್ತಿರಲಿಲ್ಲ. ಓದಬೇಕಾದವನು ಓದಿರಲಿಲ್ಲ.

ಎಲ್ಲವನ್ನೂ ವಾಪಸ್ ಜೋಡಿಸಿ ಕಣ್ಣಾರೆ ನೋಡೋಣ ಅಂತ ಪಕ್ಕದ ಸೀಟು ಎತ್ತಿದೆ. ನಾಲ್ಕೂ ಚಕ್ರಕ್ಕೆ ಫರಸಿ ಕಲ್ಲಿನ ತುಂಡು ಕೊಟ್ಟೆ. ತಮ್ಮ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದು, ಒಂದನೇ ಗೇರಿನಲ್ಲಿ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟ. ಕ್ಷಣ ಮಾತ್ರ, ಜಾಸ್ತಿ ಹಿಡಿದರೆ ಕ್ಲಚ್ ಸುಡುತ್ತದೆ. ನಾನು ಕೈ ಹಿಂದೆ ಕಟ್ಟಿಕೊಂಡು ಟಾರ್ಚ್ ಹಲ್ಲಲ್ಲಿ ಕಚ್ಚಿ ನೋಡಿದೆ. ಎಂಜಿನ್ ಮಗ್ಗುಲು ಹೊರಳಿದಂತೆ ವಾಲಿತು. ವಾಲ್ವ್ ಕವರ್ ಹತ್ತಿರ ಒಂದು ಬ್ರಾಕೆಟ್ ಇದೆ. ಅಲ್ಲಿಂದ ಚಾಸಿ ಕಡೆ ಹೋಗುವ ಹಾರ್ನೆಸ್ ಬಟ್ಟೆ ಒಣಹಾಕುವ ಹಗ್ಗದಂತೆ ಬಿಗಿಯಾಯಿತು. ಬ್ರಾಕೆಟ್‌ಗೆ ಅದನ್ನು ಹಿಡಿದಿದ್ದದ್ದು ಒಂದು ಕರಿ ಪ್ಲಾಸ್ಟಿಕ್ ಟೈ.

ಆ ಟೈ ನನ್ನದು.

ಎರಡು ವರ್ಷದ ಹಿಂದೆ ಒಂದು ಭಾನುವಾರ ವಾಲ್ವ್ ಕವರ್‌ನಿಂದ ಆಯಿಲ್ ಸೋರುತ್ತಿದೆ ಅಂತ ಗ್ಯಾಸ್ಕೆಟ್ ಬದಲಾಯಿಸಿದ್ದು ನಾನೇ. ಹಾರ್ನೆಸ್‌ನ ಕ್ಲಿಪ್ ಬಿಸಿಗೆ ಗರಿಗರಿಯಾಗಿತ್ತು, ಬಿಚ್ಚುವಾಗ ಮುರಿಯಿತು. ಟೈ ಹಾಕಿ ಬಿಗಿದು, ಬಾಲ ಕತ್ತರಿಸಿ, ನೀಟಾಗಿದೆ ಅಂತ ಖುಷಿಪಟ್ಟಿದ್ದೂ ನೆನಪಿದೆ. ಕಂಪನಿಯವರು ಅಲ್ಲಿ ಮೂರು ಬೆರಳಿನಷ್ಟು ಸಡಿಲ ಬಿಟ್ಟಿದ್ದರು. ಆ ಸಡಿಲ ಸೋಮಾರಿತನಕ್ಕೆ ಬಿಟ್ಟದ್ದಲ್ಲ, ಎಂಜಿನ್ ವಾಲಲಿ ಅಂತ ಬಿಟ್ಟದ್ದು. ನಾನು ಅದನ್ನು ಟೈ ಒಳಗೆ ಎಳೆದುಬಿಟ್ಟಿದ್ದೆ.

ತಮ್ಮನಿಗೆ ಹೇಳದೆ ಇರಬಹುದಿತ್ತು. ಹೇಳಿದೆ. ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಕಾಯಿಲ್ ರೊಕ್ಕ ನೀ ಕೊಡು" ಅಂದ. ಕೊಟ್ಟೆ.

ಹೊಲಿಗೆ

ಟೇಪ್ ಸೀಳಿದೆ. ಮೂರನೇ ವೈರಿನ ಮೇಲ್ಪದರ ನೋಡಲು ಸರಿಯಾಗಿಯೇ ಇತ್ತು, ಟೈ ಕೂತ ಕಡೆ ಸ್ವಲ್ಪ ಹೊಳಪು ಅಷ್ಟೇ. ಬೆರಳುಗಳ ನಡುವೆ ಬಗ್ಗಿಸುತ್ತಾ ಬಂದರೆ ಆ ಒಂದು ಕಡೆ ಎಲುಬಿಲ್ಲದಂತೆ ಪಟ್ಟನೆ ಮಡಚಿಕೊಂಡಿತು. ಕತ್ತರಿಸಿ ಬಿಡಿಸಿದರೆ ಒಳಗಿನ ತಾಮ್ರದ ಎಳೆಗಳು ಎಲ್ಲ ತುಂಡು, ತುದಿಗಳು ಹಸಿರು ಹಿಡಿದಿವೆ. ಒಂದಕ್ಕೊಂದು ಆನಿಕೊಂಡು ನಿಂತಿದ್ದವು. ನಾಲ್ಕನೇ ಇಂಜೆಕ್ಟರಿನ ವೈರಿನಲ್ಲೂ ಅದೇ ಜಾಗದಲ್ಲಿ ಅರ್ಧದಷ್ಟು ಎಳೆ ಹೋಗಿದ್ದವು. ಅದು ಮುಂದಿನ ಸುಗ್ಗಿಗೆ ಕಾಯುತ್ತಿತ್ತು.

ಎರಡಕ್ಕೂ 15 ಸೆಂಟಿಮೀಟರ್ ಹೊಸ ಗಾಡಿ ವೈರ್ ಸೇರಿಸಿದೆ. ಮನೆ ವೈರಿಂಗ್‌ನದ್ದು ಬೇಡ, ಎಂಜಿನ್ ಬಿಸಿಗೆ ಅದರ ಮೇಲ್ಪದರ ತಡೆಯುವುದಿಲ್ಲ. ಸೋಲ್ಡರ್ ಮಾಡಲು ಕೈ ತುರಿಸುತ್ತಿತ್ತು, ಜೀವನಪೂರ್ತಿ ಮಾಡಿದ್ದೇ ಅದು. ಆದರೆ ಸೋಲ್ಡರ್ ಎಳೆಗಳ ಒಳಗೆ ಹರಿದು ವೈರನ್ನು ಕಡ್ಡಿ ಮಾಡುತ್ತದೆ. ನಡುಗುವ ಎಂಜಿನ್ ಮೇಲೆ ಆ ಕಡ್ಡಿ ಮುಗಿಯುವ ಕಡೆಯೇ ಮತ್ತೆ ಮುರಿಯುತ್ತದೆ. ಹಾಗಾಗಿ ಕ್ರಿಂಪ್ ತೋಳು, ಮೇಲೆ ಗೋಂದು ಇರುವ ಹೀಟ್ ಶ್ರಿಂಕ್. ನಾಲ್ಕು ಜೋಡಣೆಗಳನ್ನು ಒಂದೇ ಜಾಗಕ್ಕೆ ತರದೆ ಹಿಂದೆ ಮುಂದೆ ಇಟ್ಟೆ, ಇಲ್ಲದಿದ್ದರೆ ಹಾರ್ನೆಸ್ ಹಾವು ಇಲಿ ನುಂಗಿದಂತೆ ಉಬ್ಬುತ್ತದೆ. ಬಟ್ಟೆ ಟೇಪ್ ಸುತ್ತಿ, ಬ್ರಾಕೆಟ್‌ಗೆ ರಬ್ಬರ್ ಇರುವ ಪಿ ಕ್ಲಿಪ್ ಹಾಕಿ, ಮೂರು ಬೆರಳಿನ ಸಡಿಲ ವಾಪಸ್ ಕೊಟ್ಟೆ. ಬಲ್ಬ್ ಪರೀಕ್ಷೆ ಮತ್ತೆ: ಎರಡರಲ್ಲೂ 12.2. ಎಳೆದರೂ ಬಾಗಿಸಿದರೂ ಕದಲಲಿಲ್ಲ.

ಟೈ ಹಾಕಿ ಎರಡು ವರ್ಷ ಆಗಿತ್ತು, ಕೆಮ್ಮು ಈ ವರ್ಷ ಯಾಕೆ? ಎಳೆಗಳು ಒಂದೊಂದಾಗಿ ಸಾಯಲು ಸಮಯ ಬೇಕು, ಅದೊಂದು. ಇನ್ನೊಂದು, ಎಡಗಡೆಯ ಎಂಜಿನ್ ಮೌಂಟ್. ಟಾರ್ಚ್ ಬಿಟ್ಟು ನೋಡಿದರೆ ರಬ್ಬರ್ ಸೀಳಿ ಕುಸಿದಿತ್ತು. ಎಂಜಿನ್ ಮೊದಲಿಗಿಂತ ಜಾಸ್ತಿ ವಾಲುತ್ತಿತ್ತು. ಎಂಜಿನ್ ಕೆಳಗೆ ಜಾಕ್ ಮತ್ತು ಮರದ ಹಲಗೆ ಕೊಟ್ಟು ಅದನ್ನು ಬದಲಾಯಿಸಿದೆವು. 950 ರೂಪಾಯಿ. ವೈರು, ತೋಳು, ಕ್ಲಿಪ್ ಎಲ್ಲ ಸೇರಿ 140.

ಎಲ್‌ಇಡಿಗಳನ್ನು ತೆಗೆಯದೆ, ಕೋಡ್ ಅಳಿಸಿ, 14 ಚೀಲದೊಂದಿಗೆ ಜೇವರ್ಗಿಯಿಂದ ಬಂದೆವು. ಸುಮಾರು 40 ಕಿಲೋಮೀಟರ್. ಕಟ್ಟಿಸಂಗಾವಿ ಏರಿನಲ್ಲಿ ಬೇಕಂತಲೇ ಎರಡನೇ ಗೇರಿಗೆ ಇಳಿಸಿ ಎಳೆಸಿದೆವು. ಹಸಿರು, ಕೆಂಪು ಎರಡೂ ಜೊತೆಗೇ ನಡುಗುತ್ತಿದ್ದವು. ರೈಲ್ವೆ ಮೇಲ್ಸೇತುವೆಯಲ್ಲೂ ಹಾಗೇ. ಮೂರು ವಾರ ಆಯಿತು, ಕೋಡ್ ಇಲ್ಲ. ಫ್ಯೂಯಲ್ ಟ್ರಿಮ್ 14ರಿಂದ 3ಕ್ಕೆ ಇಳಿದಿದೆ. ಗಂಜ್‌ನ ಹಮಾಲಿ ಮಾಮಾನಿಗೆ ವೈರಿನ ಕಥೆ ಪೂರ್ತಿ ಹೇಳಿದೆ. ತಲೆಯಾಡಿಸುತ್ತಾ ಕೇಳಿ, "ಎಥನಾಲೇ ವೈರ್ ತಿಂದಾದ್ರೀ" ಅಂದ.

ಬಲಗಡೆಯ ಮೌಂಟ್ ಇನ್ನೂ ಹಳೆಯದೇ ಇದೆ. ಇಲ್ಲಿ ಸಿಗಲಿಲ್ಲ, ಹೈದರಾಬಾದಿನಿಂದ ಬರಬೇಕು. ಬಂದ ದಿನ ಹಾಕುವಾಗ ಎಲ್‌ಇಡಿ ವೈರುಗಳನ್ನೂ ಬಿಚ್ಚುತ್ತೇನೆ. ಅಲ್ಲಿಯ ತನಕ ತೆಗೆಯಬೇಡ ಅಂದಿದ್ದಾನೆ ತಮ್ಮ. ರಾತ್ರಿ ಓಡಿಸುವಾಗ ಚಂದ ಕಾಣ್ತದ ಅಂತೆ.